ಬಿಹಾರದ ಕಾರ್ಡು, ಮೈಸೂರಿನ ರಾಗಿ

ಲಷ್ಕರ್ ಮೊಹಲ್ಲಾದಲ್ಲಿ ನನ್ನದೊಂದು ರೇಷನ್ ಅಂಗಡಿ. ದಿಲ್ಲಿಯಲ್ಲಿ ಏನೇ ಕಾನೂನು ಮಾಡಲಿ, ಅದು ನಡೆಯುತ್ತೋ ಇಲ್ಲವೋ ಅಂತ ಗೊತ್ತಾಗೋದು ನನ್ನ ಗಲ್ಲೆಯ ಮುಂದೆ. ನಗಬೇಕೋ ಬೇಸರ ಪಡಬೇಕೋ ತಿಳಿಯದಂಥವು ತಿಂಗಳಿಗೆ ಒಂದಾದರೂ ಇಲ್ಲಿ ಆಗುತ್ತಲೇ ಇರುತ್ತವೆ. ಒಂದೇ ಸಂಸಾರದ್ದು ಹೇಳ್ತೀನಿ, ಕೇಳಿ.

ಹೆಬ್ಬೆಟ್ಟು

ಬಿಹಾರದವನೊಬ್ಬ, ಕುವೆಂಪುನಗರದ ಮನೆಗಳಿಗೆ ಟೈಲ್ಸ್ ಹಾಕುವ ಮೇಸ್ತ್ರಿ, ಒಂದು ಬೆಳಿಗ್ಗೆ ಹೆಂಡತಿ ಜೊತೆ ಬಂದು ತನ್ನೂರಿನ ಕಾರ್ಡು ಚಾಚಿದ. "ಈಗ ಇಡೀ ದೇಶಕ್ಕೆ ಒಂದೇ ಕಾರ್ಡಂತೆ ಸಾರ್" ಅಂತ ಹಿಂದಿಯಲ್ಲಿ ಹೇಳಿದ. ಆದೇಶ ನನಗೂ ಬಂದಿತ್ತು. ಆದರೂ ಅವನಿಗಿಂತ ಮುಂಚೆ ಬಂದ ಎಷ್ಟೋ ಜನರನ್ನ "ನಿಮ್ಮೂರಲ್ಲೇ ತಗೊಳ್ಳಿ" ಅಂತ ವಾಪಸ್ ಕಳಿಸಿದ್ದೆ. ಆ ಪಾಪ ನನ್ನದೇ.

ಅವತ್ತು ಮಾತ್ರ ಮೆಷಿನ್ ಮುಂದಿಟ್ಟೆ. ಅವನು ಹೆಬ್ಬೆಟ್ಟು ಒತ್ತಿದ. ತಗೊಳ್ಳಲಿಲ್ಲ. ಒರೆಸಿ ಒತ್ತಿದ. ಇಲ್ಲ. ಹತ್ತೂ ಬೆರಳು ಆಯಿತು. ಸಿಮೆಂಟಿನಲ್ಲಿ ಕೆಲಸ ಮಾಡಿ ಮಾಡಿ ಗೆರೆಗಳೇ ಸವೆದುಹೋಗಿದ್ದವು. ಅವನ ಮುಖ ಸಣ್ಣಗಾಯಿತು. ಹೆಂಡತಿ ಮುಂದೆ ಬಂದು ಒತ್ತಿದಳು, ತಕ್ಷಣ ಒಪ್ಪಿತು.

ಕ್ಯೂನಲ್ಲಿದ್ದ ನಮ್ಮ ಬೀದಿಯ ಅಜ್ಜಿ ಅಂದರು, "ಬೇಜಾರ್ ಮಾಡ್ಕೋಬೇಡ ಕಣಪ್ಪ. ಈ ಮೆಷಿನ್ನು ಯಜಮಾನ್ರನ್ನ ಲೆಕ್ಕಕ್ಕೇ ತಗೊಳಲ್ಲ, ನಮ್ಮನೇಲೂ ಅಂಗೇಯ."

ರಾಗಿ

ಬಿಹಾರದಲ್ಲಿ ಅವರಿಗೆ ಸಿಗುತ್ತಿದ್ದದ್ದು ಅಕ್ಕಿ, ಗೋಧಿ. ನಮ್ಮಲ್ಲಿ ಆಗ ಬಂದಿದ್ದದ್ದು ಅಕ್ಕಿ, ರಾಗಿ. ಆ ಹೆಂಗಸು ರಾಗಿ ಹಿಟ್ಟು ಮಾಡಿಸಿ, ಗೋಧಿ ಹಿಟ್ಟಿನ ಹಾಗೆ ನಾದಿ, ಲಟ್ಟಿಸಿ ಬೇಯಿಸಿದಳಂತೆ. ಮಾರನೇ ದಿನ ಒಂದು ರೊಟ್ಟಿಯನ್ನು ಪೇಪರಿನಲ್ಲಿ ಸುತ್ತಿ ತಂದು ತೋರಿಸಿದಳು. ಕಣ್ಣಲ್ಲಿ ನೀರಿತ್ತು. ಕಚ್ಚಲಾಗದೆ ಎಂಟು ವರ್ಷದ ಮಗಳು ಉಪವಾಸ ಮಲಗಿದ್ದಳಂತೆ.

ಅಂಗಡಿಯಲ್ಲಿದ್ದ ಅಜ್ಜಿ ಅವಳ ಕೈ ಹಿಡಿದು ಮನೆಗೆ ಕರೆದುಕೊಂಡು ಹೋದರು. ಅವತ್ತಿನಿಂದ ದಿನಾ ಸಂಜೆ ಅಲ್ಲೇ ಪಾಠ. ಮುದ್ದೆ ಮೊದಲು, ಕನ್ನಡ ಜೊತೆಗೆ.

ಜೊತೆಗೆ ಬಂದಿದ್ದ ಮೇಸ್ತ್ರಿ ಮಾತ್ರ ಅವತ್ತು ಆ ರೊಟ್ಟಿಯನ್ನು ಗಲ್ಲೆಯ ಮೇಲೆ ಟಕಟಕ ತಟ್ಟಿ ನೋಡಿ ಹೇಳಿದ, "ಸಾರ್, ಇದು ಬಾತ್‌ರೂಮಿಗೆ ಬೇಡ. ಹಾಲ್‌ಗೇ ಹಾಕಬಹುದು."

ರೈಲು

ಎರಡು ವರ್ಷದ ಮೇಲೆ ಅವನೂರಲ್ಲಿ ಚುನಾವಣೆ ಬಂತು. ಕೂಲಿ ಬಿಟ್ಟು, ಮೂರು ದಿನ ರೈಲಿನಲ್ಲಿ ನಿಂತು ಕೂತು ಅವನು ಊರಿಗೆ ಹೋದ. ಅಲ್ಲಿ ಪಟ್ಟಿಯಲ್ಲಿ ಹೆಸರಿಲ್ಲ, ಊರು ಬಿಟ್ಟವನು ಅಂತ ತೆಗೆದುಹಾಕಿದ್ದರು. ವಾಪಸ್ ಬಂದು ಇಲ್ಲಿನ ಪಟ್ಟಿಗೆ ಸೇರಿಸಿ ಅಂತ ಆಫೀಸಿನಲ್ಲಿ ಕೇಳಿದರೆ, ಬಿಹಾರದವನಿಗೆ ಇಲ್ಲೇನು ಕೆಲಸ ಅಂದರು. ವಿಳಾಸಕ್ಕೆ ದಾಖಲೆಯಾಗಿ ಬಾಡಿಗೆ ಕರಾರು ಮಾಡಿಕೊಡಲು ಮನೆ ಓನರ್ ಒಪ್ಪಲಿಲ್ಲ.

ಅಕ್ಕಿಗೆ ದೇಶವೆಲ್ಲ ಒಂದೇ ಮಾಡಿದವರು ಇವನನ್ನು ಯಾವ ಊರಿಗೂ ಸೇರಿಸದೆ ಬಿಟ್ಟಿದ್ದರು. ಅವನು ನಕ್ಕ. "ಅಲ್ಲಿಯವನೂ ಅಲ್ಲ, ಇಲ್ಲಿಯವನೂ ಅಲ್ಲ. ನನ್ನ ವೋಟು ರೈಲಿನಲ್ಲೇ ಇರಬೇಕು ಸಾರ್. ಟಿಸಿ ಹತ್ತಿರ ಕೇಳ್ತೀನಿ."

ವಿಚಾರಣೆ

ನಾನೇ ಕೂತು ಗಂಡ ಹೆಂಡತಿ ಇಬ್ಬರ ಅರ್ಜಿಯನ್ನೂ ತುಂಬಿಸಿದೆ. ಕೆಲವು ದಿನಗಳ ಮೇಲೆ ಮತದಾರರ ಪಟ್ಟಿಯ ಕೆಲಸಕ್ಕೆ ಹಾಕಿದ್ದ ಮೇಷ್ಟರೊಬ್ಬರು ಮನೆ ನೋಡಲು ಬಂದರು. ವಿಜಯಪುರದ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವರು. ನಾನೂ ಜೊತೆಗೆ ಹೋಗಿದ್ದೆ. ಮೇಸ್ತ್ರಿ ಗೋಡೆಗೆ ಒರಗಿ ಬೆವರುತ್ತಿದ್ದ.

"ಇಲ್ಲಿಗೆ ಬಂದು ಎಷ್ಟ್ ವರ್ಷ ಆತ್ರೀ? ಮನಿ ಬಾಡಗಿದೇನ್ರಿ?" ಮೇಷ್ಟರು ಕೇಳಿದರು.

ಹೆಂಡತಿ ಮುಂದೆ ಬಂದಳು. "ಆರ್ ವರ್ಸ ಆಗೋಯ್ತು ಕಣ್ರೀ. ಬಾಡ್ಗೆ ಮನೇನೇ. ಮಗ್ಳು ಇಲ್ಲೇ ಇಸ್ಕೂಲ್ಗೋಯ್ತಾಳೆ."

ಮೇಷ್ಟರು ಒಳಗೆ ಇಣುಕಿದರು. ಒಲೆಯ ಮೇಲೆ ಮುದ್ದೆಯ ಪಾತ್ರೆ, ಮೂಲೆಯಲ್ಲಿ ಮಗುವಿನ ಕನ್ನಡ ಪುಸ್ತಕ. "ಕರಾರು ಪತ್ರ ಇಲ್ಲಂದ್ರ ಏನಾತು, ಕಣ್ಣಿಗೇ ಕಾಣಸ್ತೈತಲ್ಲ" ಅಂದವರೇ "ಇಲ್ಲೇ ವಾಸ" ಎಂದು ಬರೆದು ಸಹಿ ಹಾಕಿದರು. ಮೇಸ್ತ್ರಿ ಅಲ್ಲೇ ಕೂತು ಮುಖ ಮುಚ್ಚಿಕೊಂಡ.

ಹೆಂಡತಿ ಟೀ ತಂದುಕೊಟ್ಟಳು. ಮೇಷ್ಟರನ್ನೇ ಸ್ವಲ್ಪ ಹೊತ್ತು ಕನಿಕರದಿಂದ ನೋಡಿ ಕೇಳಿದಳು, "ನೀವು ಒರಗಡೆಯಿಂದ ಬಂದವ್ರಾ ಸಾರ್? ಕನ್ನಡ ಈಗೀಗ ಕಲೀತಿದ್ದೀರಾ? ಎದ್ರುಕೋಬೇಡಿ, ಬಂದಾಗ ನಂಗೂ ಇಂಗೇ ತಪ್ತಪ್ಪು ಬತ್ತಿತ್ತು. ನಮ್ಮಜ್ಜಿ ಅವ್ರೆ, ಸಂಜೆ ಬನ್ನಿ, ಎಲ್ಲ ಸರಿ ಮಾಡ್ಬುಡ್ತಾರೆ."