ಗೂಡಿನೊಳಗೆ ಯಜಮಾನರು

ನಾಯಿಮರಿಗೊಂದು ಗೂಡು ತಂದಿಡುವುದೂ ಒಂದು ಕೆಲಸವೇ ಎಂದು ರಜೆಯ ದಿನ ಬೆಳಗ್ಗೆ ಮೆಕ್ಯಾನಿಕ್ ಮೀಸೆ ತಿರುವಿದ. ಮುಗಿಲು ಮುಟ್ಟುವ ಕಟ್ಟಡಗಳಲ್ಲಿ ಜನ ತುಂಬಿದ ಕಬ್ಬಿಣದ ಕೋಣೆಗಳನ್ನೇ ಮೇಲೆ ಕೆಳಗೆ ಓಡಾಡಿಸುವ ಲಿಫ್ಟ್ ಮೆಕ್ಯಾನಿಕ್ ಅವನು. ಹಗ್ಗ, ರಾಟೆ, ಬಾಗಿಲು, ಚಿಲಕ ಎಲ್ಲವೂ ಅವನು ಹೇಳಿದಂತೆ ಕೇಳುತ್ತಿದ್ದವು. ಅಂಥವನಿಗೆ ನಾಲ್ಕು ತಂತಿ ಹೆಣೆದ ಪೆಟ್ಟಿಗೆ ಯಾವ ಗಿಡದ ತೊಪ್ಪಲು?

"ಅಳತೆ ತಗೊಂಡು ಹೋಗಿ," ಎಂದಳು ಹೆಂಡತಿ.

"ನನ್ನ ಕಣ್ಣೇ ಅಳತೆಗೋಲು."

"ಆ ಅಳತೆಗೋಲಿಗೇ ಹೋದ ತಿಂಗಳು ನಂಬರ್ ಏರಿಸಿಕೊಟ್ಟಿದ್ದು ನಾನು." ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಉದ್ಯೋಗ. ಇಷ್ಟು ಹೇಳಿ ಅವಳು ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೋದಳು.

ಆ ಮನೆಯಲ್ಲಿ ಇಷ್ಟು ಮಾತು ನಡೆದದ್ದೇ ಆ ದಿನಗಳಲ್ಲಿ ಹೆಚ್ಚು. ಮೆಕ್ಯಾನಿಕ್‌ನ ಅಕ್ಕ ತೀರಿಕೊಂಡು ಅರ್ಧ ವರ್ಷವಾಗಿತ್ತು. ತಾಯಿಯಿಲ್ಲದ ತಮ್ಮನನ್ನು ಕಂಕುಳಲ್ಲಿಟ್ಟುಕೊಂಡು ಬೆಳೆಸಿದವಳು ಅವಳು. ತಾನು ಮಾತ್ರ ಮದುವೆಯ ಗೊಡವೆಗೆ ಹೋಗಲಿಲ್ಲ. ಅವನ ಮದುವೆಯ ಮಾತುಕತೆ ನಡೆದಾಗ, "ಅಕ್ಕ ನಮ್ಮ ಜೊತೆಗೇ ಇರ್ತಾಳೆ," ಎಂದು ಅವನು ಮೊದಲೇ ಹೇಳಿಬಿಟ್ಟಿದ್ದ. ಹುಡುಗಿ ಒಪ್ಪಿದ್ದಳು, ಆದರೆ ಒಳಗೊಳಗೇ ನಡುಗಿದ್ದಳು. ಗಂಡನ ಅಕ್ಕ ಎಂದರೆ ಅತ್ತೆಗಿಂತ ಒಂದು ಕೈ ಮೇಲೆ ಎಂದು ಗೆಳತಿಯರು ಹೆದರಿಸಿದ್ದರು.

ಆದದ್ದೇ ಬೇರೆ. ವರ್ಷ ತುಂಬುವುದರೊಳಗೆ ಇಬ್ಬರು ಹೆಂಗಸರೂ ಒಂದಾಗಿ, ಮೆಕ್ಯಾನಿಕ್ ಸ್ವಂತ ಮನೆಯಲ್ಲೇ ವಿರೋಧಪಕ್ಷದ ನಾಯಕನಾದ. ಅನುಯಾಯಿಗಳಿಲ್ಲದ ನಾಯಕ. ಸಂಜೆಯಾದರೆ ಅಕ್ಕನ ಕೋಣೆಯಲ್ಲಿ ಇಬ್ಬರದೂ ಗುಸುಗುಸು, ಕಿಸಿಕಿಸಿ. ಅವನು ಒಳಗೆ ತಲೆಹಾಕಿದರೆ ನಗು ಗಪ್ಪನೆ ನಿಲ್ಲುತ್ತಿತ್ತು. ಅವನು ಆಚೆ ಹೋದೊಡನೆ ಮತ್ತೆ ಉಕ್ಕುತ್ತಿತ್ತು. "ಏನು ವಿಷಯ?" ಎಂದು ಕೇಳಿದರೆ, "ನೀನೇ ವಿಷಯ," ಎನ್ನುತ್ತಿದ್ದಳು ಅಕ್ಕ.

ಅವಳು ಹೋದ ಮೇಲೆ ಮೆಕ್ಯಾನಿಕ್ ಅಳಲಿಲ್ಲ. ರಿಪೇರಿ ಮಾಡಿದ. ಸೋರದ ನಲ್ಲಿಗೂ ಹೊಸ ವಾಷರ್ ಹಾಕಿದ, ಕಿರುಗುಟ್ಟದ ಬಾಗಿಲಿಗೂ ಎಣ್ಣೆ ಬಿಟ್ಟ. ಮನೆಯಲ್ಲಿ ಕೆಟ್ಟದ್ದೆಂಬುದು ಏನೂ ಉಳಿಯದಾದಾಗ ಅಕ್ಕನ ಕೋಣೆಗೆ ಕೈಹಾಕಿದ. ಹೆಂಡತಿ ಕೆಲಸಕ್ಕೆ ಹೋಗಿದ್ದ ಒಂದು ದಿನ ಅಕ್ಕನ ಮಂಚವನ್ನು ಕಚೇರಿಯ ಕಾವಲುಗಾರನಿಗೆ ಕೊಟ್ಟ, ಹೊಲಿಗೆ ಯಂತ್ರವನ್ನು ಇನ್ಯಾರಿಗೋ ಕೊಟ್ಟ, ಗೋಡೆಗೆ ತಿಳಿಹಸಿರು ಬಣ್ಣ ಬಳಿದ. ಸಂಜೆ ಹೆಂಡತಿ ಬಂದವಳು ಬಾಗಿಲಲ್ಲೇ ನಿಂತು ನೋಡಿದಳು. "ಬಣ್ಣ ಚೆನ್ನಾಗಿದೆ," ಎಂದಳು. ಅಂದಿನಿಂದ ಆ ಕೋಣೆಗೆ ಅವಳು ಕಾಲಿಡಲಿಲ್ಲ. ಅದು ಅವನ ಗಮನಕ್ಕೆ ಬಂದಿತ್ತು. ಯಾಕೆ ಎಂದು ಮಾತ್ರ ಅವನು ಕೇಳಲಿಲ್ಲ.

ಮನೆ ಬಿಕೋ ಎನ್ನುತ್ತಿತ್ತು. ಇದನ್ನೂ ಒಂದು ರಿಪೇರಿಯೆಂದೇ ಬಗೆದು ಅವನು ನಾಯಿಮರಿ ತಂದ. ಜೊತೆಯಲ್ಲಿ ಕೆಲಸ ಮಾಡುವ ಉದ್ದಣ್ಣನ ಮನೆಯಲ್ಲಿ ನಾಯಿ ಮರಿಹಾಕಿತ್ತು. ಉದ್ದಣ್ಣ ಅವನ ಹೆಸರಲ್ಲ, ಎತ್ತರ. ಕಂದು ಬಣ್ಣದ ಮರಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಇನ್ನೂ ಮನಸ್ಸು ಮಾಡಿರಲಿಲ್ಲ.

ಗೂಡಿನ ಅಂಗಡಿಯವನು ಮೊದಲು ಕೇಳಿದ್ದೇ ಮರಿಯ ಕುಲಗೋತ್ರ. "ನಾಯಿ ಎಷ್ಟು ದೊಡ್ಡದಾಗುತ್ತೆ?"

"ತಾಯಿ ಸಾಧಾರಣ ಗಾತ್ರ. ತಂದೆ ಯಾರು ಅಂತ ಗೊತ್ತಿಲ್ಲ."

ಅಂಗಡಿಯವನು ಗಲ್ಲ ಕೆರೆದುಕೊಂಡ. "ಹಾಗಾದ್ರೆ ದೊಡ್ಡದೇ ತಗೊಳ್ಳಿ. ತಂದೆ ಯಾರು ಬೇಕಾದ್ರೂ ಆಗಿರಬಹುದು."

ಮೆಕ್ಯಾನಿಕ್ ಇದ್ದುದರಲ್ಲೇ ಅತಿ ದೊಡ್ಡ ಗೂಡನ್ನು ಆರಿಸಿದ. ಮರಿ ಚಿಕ್ಕದಿರುವಾಗ ಜಾಗ ಕಿರಿದು ಮಾಡಲೆಂದು ನಡುವೆ ಇಳಿಸುವ ತಡಿಕೆಯೊಂದು ಅದರ ಜೊತೆಗೆ ಬರುತ್ತಿತ್ತು. ಅದನ್ನು ಅವನು, "ಬೇಡ, ಉಸಿರುಗಟ್ಟುತ್ತೆ ಪಾಪ," ಎಂದು ಅಲ್ಲಿಯೇ ಬಿಟ್ಟುಬಂದ. ಅಂಗಡಿಯ ಚಿಲಕ ಅವನಿಗೆ ಆಟದ ಸಾಮಾನಿನಂತೆ ಕಂಡಿತು. ಮನೆಗೆ ಬಂದವನೇ ಅದನ್ನು ಕಿತ್ತು, ಲಿಫ್ಟಿನ ಹಳೆಯ ಬಾಗಿಲಿನದೊಂದು ಸ್ಪ್ರಿಂಗ್ ಚಿಲಕ ಜಡಿದ. "ಇದನ್ನ ಹುಲಿಯೂ ತೆಗೆಯೋಕಾಗಲ್ಲ," ಎಂದು ಬೀಗಿದ. ಮರಿ ಅಷ್ಟರಲ್ಲಿ ಅವನ ಕಾಲ್ಚೀಲದ ಮೇಲೆ ನಿದ್ದೆ ಹೋಗಿತ್ತು.

ಆ ವಾರವಿಡೀ ಗೂಡು ಮನೆತುಂಬ ಪ್ರವಾಸ ಮಾಡಿತು. ನಡುಮನೆಯಲ್ಲಿಟ್ಟರೆ ಬಂದವರೆಲ್ಲ ಅದನ್ನು ಸುತ್ತುಹಾಕಿ ನಡೆಯಬೇಕಿತ್ತು. ಕಿಟಕಿಯ ಕೆಳಗೆ ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ಅಡುಗೆಮನೆಯ ಮೂಲೆಯಲ್ಲಿ ಪಾತ್ರೆ ಬಿದ್ದರೆ ಮರಿ ನಡುಗುತ್ತಿತ್ತು. ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿಟ್ಟ ದಿನ, ಯಂತ್ರ ಗಿರಗಿರ ಎನ್ನತೊಡಗಿದ್ದೇ ತಡ, ಮರಿ ಹೆದರಿ ಮಾಡಬಾರದ್ದನ್ನೆಲ್ಲ ಮಾಡಿತು. ಮಲಗುವ ಕೋಣೆಗೆ ತಂದಾಗ ಹೆಂಡತಿ ಶಾಂತವಾಗಿ ಹೇಳಿದಳು, "ಮರಿ ಮಂಚದ ಮೇಲೆ ಮಲಗಲಿ, ನೀವು ಗೂಡಲ್ಲಿ ಮಲಗಿ. ಗೊರಕೆಯಾದ್ರೂ ಕಡಿಮೆಯಾಗುತ್ತೆ."

ಮುಂದಿನ ರಜೆಯ ದಿನ ಬೆಳಗ್ಗೆ ಅವನು ಕೊನೆಗೂ ಬಾಯಿಬಿಟ್ಟ. "ಅಕ್ಕನ ಕೋಣೆ ಖಾಲಿ ಇದೆಯಲ್ಲ. ಅಲ್ಲಿಡೋಣ."

ಹೆಂಡತಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಟುಹೋದಳು. ಬೇಡವೆನ್ನಲಿಲ್ಲವಲ್ಲ ಎಂದುಕೊಂಡು ಅವನು ಗೂಡನ್ನು ಎಳೆದು ಅಕ್ಕನ ಕೋಣೆಯ ಗೋಡೆಗೆ ಒತ್ತಿ ನಿಲ್ಲಿಸಿದ.

ಜಾಗ ಹೇಳಿ ಮಾಡಿಸಿದಂತಿತ್ತು. ಮರಿಗೆ ಮಾತ್ರ ಹಾಗನಿಸಲಿಲ್ಲ. ಬಿಸ್ಕತ್ತು ಎಸೆದರೆ ಹಿಂಗಾಲನ್ನು ಹೊರಗೇ ಊರಿ, ಕತ್ತು ಚಾಚಿ ಎತ್ತಿಕೊಂಡು ಹಿಂದೆ ಸರಿಯಿತು. ಮುದ್ದು ಮಾಡಿದ, ಗದರಿದ, ಕೈಮುಗಿದ. ಕೊನೆಗೆ ಮಹಾಗುರುವಿನ ಗತ್ತಿನಲ್ಲಿ, "ನೋಡು, ಹೀಗೆ," ಎಂದು ಮೊಣಕಾಲೂರಿ ತಾನೇ ಒಳಗೆ ತೆವಳಿದ. ಮರಿಗೆ ಆನಂದ ತಡೆಯಲಾಗಲಿಲ್ಲ. ಎರಡು ಕಾಲೆತ್ತಿ ಬಾಗಿಲ ಮೇಲೆ ಹಾರಿತು. ಬಾಗಿಲು ಮುಚ್ಚಿತು. ಚಿಲಕ ಟಕ್ಕೆಂದಿತು.

ಬೆರಳು ತೂರಿಸಿ ನೋಡಿದ. ಗೆಣ್ಣಿನ ತನಕ ಹೋಗಿ ಸಿಕ್ಕಿಕೊಂಡಿತು. ಗೂಡಿಗೆ ಇನ್ನೊಂದು ಬಾಗಿಲಿತ್ತು, ಅದನ್ನು ಅವನೇ ಗೋಡೆಗೆ ಒತ್ತಿ ಇಟ್ಟಿದ್ದ. ಫೋನು ಅಡುಗೆಮನೆಯಲ್ಲಿತ್ತು. ಹುಲಿಯ ಮಾತು ಹಾಗಿರಲಿ, ಚಿಲಕ ಹಾಕಿದವನೇ ಅದನ್ನು ತೆಗೆಯಲಾರದೆ ಕುಳಿತಿದ್ದ. ಕುಳಿತಿದ್ದ ಎನ್ನುವುದೂ ತಪ್ಪು. ಗಲ್ಲಕ್ಕೆ ಮೊಣಕಾಲು ತಾಗಿ ಮುದುರಿದ್ದ.

"ಯಾರಾದ್ರೂ ಇದ್ದೀರಾ?" ಎಂದು ಕೂಗಿದ. ಮರಿಯೂ ದನಿಗೂಡಿಸಿತು. ಮಹಡಿಯ ಮನೆಯ ಹೆಂಗಸು ಕಿಟಕಿಯಿಂದ, "ನಾಯೀನ ಸ್ವಲ್ಪ ಸುಮ್ನಿರಿಸ್ತೀರಾ, ಮಗು ಮಲಗಿದೆ," ಎಂದಳು. ಅವನು ಸುಮ್ಮನಾದ.

ಅಕ್ಕ ಹೋದ ಮೇಲೆ ಅವನ ಕೈಗೆ ಕೆಲಸವಿಲ್ಲದೆ ಹೋದದ್ದು ಅದೇ ಮೊದಲು. ಮರಿ ಅವನ ಚಪ್ಪಲಿ ಎಳೆದುಕೊಂಡು ಬಂದು ಎದುರಿಗೇ ಕಡಿಯುತ್ತ ಕೂತಿತು. ಅವನು ನೆಲ ನೋಡಿದ. ನೋಡಲು ಬೇರೇನೂ ಇರಲಿಲ್ಲ. ಅಷ್ಟು ತಗ್ಗಿನಿಂದ ಆ ನೆಲವನ್ನು ಅವನು ಹಿಂದೆಂದೂ ನೋಡಿರಲಿಲ್ಲ. ಅಕ್ಕನ ಕುರ್ಚಿಯ ಕಾಲು ಉಜ್ಜಿ ಉಜ್ಜಿ ಕಲ್ಲಿನಲ್ಲಿ ಸಣ್ಣ ಕುಳಿಗಳು ಬಿದ್ದಿದ್ದವು. ಅದಕ್ಕೆದುರಾಗಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರದಲ್ಲಿ, ಇನ್ನೊಂದು ಜೊತೆ ಕುಳಿ. ಅದು ಹೆಂಡತಿಯ ಸ್ಟೂಲಿನದು. ವರ್ಷಗಟ್ಟಲೆ ಇಬ್ಬರೂ ಅಷ್ಟು ಹತ್ತಿರ ಕೂತಿದ್ದರು. ಅವನು ಬಳಿದ ಬಣ್ಣ ಗೋಡೆಯನ್ನಷ್ಟೇ ಮುಚ್ಚಿತ್ತು.

ಮಧ್ಯಾಹ್ನ ಊಟಕ್ಕೆಂದು ಹೆಂಡತಿ ಮನೆಗೆ ಬಂದಳು. ಮರಿ ಕುಣಿಯುತ್ತ ಹೋಗಿ ಅವಳ ಸೆರಗು ಹಿಡಿದೆಳೆಯಿತು. ಅದರ ಹಿಂದೆ ಬಂದವಳು ಹೊಸ್ತಿಲಲ್ಲಿ ನಿಂತಳು. ಒಳಗೆ ಗಂಡ, ಹೊರಗೆ ನಾಯಿ.

ಅವಳು ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ನಗುತ್ತಲೇ ಕೋಣೆಯೊಳಗೆ ಬಂದು ನೆಲದ ಮೇಲೆ ಕುಸಿದು ಕೂತಳು. "ಅಕ್ಕ ಇದನ್ನ ನೋಡ್ಬೇಕಿತ್ತು," ಎಂದಳು. ನಗುವಿನ ಬೆನ್ನಿಗೇ ಅಳು ನುಗ್ಗಿತು.

ಮೆಕ್ಯಾನಿಕ್ ತಂತಿಗೆ ಮುಖವೊತ್ತಿ ಕಾದ. ಬಳಿಕ ಮೆಲ್ಲಗೆ, "ಚಿಲಕ ತೆಗಿ," ಎಂದ.

"ತೆಗೀತೀನಿ. ಮೊದಲು ಒಂದು ಮಾತು ಕೇಳ್ಬೇಕು. ಹೊರಗೆ ಬಂದ್ರೆ ನಿಮಗೆ ಯಾವುದಾದ್ರೂ ಮೊಳೆ ನೆನಪಾಗುತ್ತೆ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನನ್ನ ಒಂದು ಮಾತು ಕೇಳದೆ ಮಂಚ ಯಾಕೆ ಕೊಟ್ಬಿಟ್ರಿ?"

"ನನ್ನ ಅಕ್ಕ ಅಲ್ವಾ..."

"ನಿಮ್ಮ ಅಕ್ಕನೇ. ನನಗೆ ಅವಳು ಯಾರು ಅಂತ ಯಾರೂ ಕೇಳಲಿಲ್ಲ. ಆ ದಿನ ಬಂದವರೆಲ್ಲ ನಿಮ್ಮ ಕೈ ಹಿಡ್ಕೊಂಡ್ರು, ನಿಮ್ಮ ಬೆನ್ನು ಸವರಿದ್ರು. ನನ್ನ ಹತ್ರ ಬಂದು ಅವರು ಕೇಳಿದ್ದು ಲೋಟ ಎಲ್ಲಿದೆ ಅಂತ. ನಾನು ಲೋಟ ತೆಗೆದುಕೊಟ್ಟೆ. ಇಡೀ ದಿನ ಲೋಟ ತೊಳೆದೆ. ಆಮೇಲೂ ನೀವು ಕೇಳ್ತೀರಿ ಅಂತ ಕಾದೆ. ನೀವು ಬಣ್ಣ ಬಳಿದ್ರಿ."

ಅವನು ಎದ್ದು ಹೋಗುವ ದಾರಿ ಇದ್ದಿದ್ದರೆ ಹೋಗುತ್ತಿದ್ದನೇನೋ.

"ಅವಳು ಹೋದ ಮಾರನೇ ದಿನ," ಎಂದ ಕೊನೆಗೆ, "ದಿನಾ ತರೋ ಹಾಗೆ ಎರಡು ಲೋಟ ಕಾಫಿ ಹಿಡ್ಕೊಂಡು ಇಲ್ಲಿಗೆ ಬಂದೆ. ಬಾಗಿಲು ದೂಡಿ, 'ಏಳೇ' ಅಂತಲೂ ಅಂದೆ. ಮಂಚದ ಹತ್ರ ನಿಂತ ಮೇಲೆ ಗೊತ್ತಾಯ್ತು. ನೀನು ನೋಡ್ತೀಯ ಅಂತ ಎರಡು ಲೋಟಾನೂ ನಾನೇ ಕುಡಿದೆ, ಬಾಯಿ ಸುಟ್ಕೊಂಡು. ಮಾರನೇ ದಿನಾನೂ ಹಾಗೇ ಆಯ್ತು. ಮಂಚ ಇಲ್ಲಿದ್ರೆ ಸಾಯೋ ತನಕ ತರ್ತಾನೇ ಇರ್ತೀನಿ ಅಂತ ಭಯ ಆಯ್ತು. ಅದಕ್ಕೇ ಕೊಟ್ಟೆ."

"ನನಗೆ ಹೇಳಬಾರದಿತ್ತಾ?"

"ಹೇಳೋಕೆ ಬರಲಿಲ್ಲ."

ಕಣ್ಣೀರು ಅವನ ಮೂಗಿನ ತುದಿಗಿಳಿದು ನಿಂತಿತು. ಒರೆಸಿಕೊಳ್ಳಲು ಮೊಣಕೈ ಮಡಚುವಷ್ಟೂ ಜಾಗವಿರಲಿಲ್ಲ. ಹೆಂಡತಿ ತಂತಿಯ ನಡುವೆ ಎರಡು ಬೆರಳು ತೂರಿಸಿ ಅವನ ಮೂಗೊರೆಸಿದಳು.

ಆಮೇಲೆ ಚಿಲಕಕ್ಕೆ ಕೈಹಾಕಿದಳು. ಅದು ಅಲುಗಲಿಲ್ಲ. "ಎಡಕ್ಕೆ ಒತ್ತಿ ಮೇಲಕ್ಕೆತ್ತು," ಎಂದ. ಒತ್ತಿದಳು, ಎತ್ತಿದಳು, ಗುದ್ದಿದಳು. ಒಳಗಿನ ಸ್ಪ್ರಿಂಗ್ ಮುರಿದಿತ್ತು. ಬೇರೆ ದಾರಿಯಿಲ್ಲದೆ ಉದ್ದಣ್ಣನಿಗೆ ಫೋನು ಮಾಡಿದಳು.

ಉದ್ದಣ್ಣ ಕೆಲಸದ ಅಂಗಿಯಲ್ಲೇ, ಹತಾರದ ಚೀಲ ಹಿಡಿದು ಬಂದ. ಬಗ್ಗಿ ನೋಡಿದ. ಮುಖದಲ್ಲಿ ಒಂದೇ ಒಂದು ಗೆರೆಯೂ ಕದಲಲಿಲ್ಲ. ಲಿಫ್ಟಿನಲ್ಲಿ ಸಿಕ್ಕಿಬಿದ್ದವರನ್ನು ಕೇಳುವ ದನಿಯಲ್ಲೇ ಕೇಳಿದ, "ಒಳಗೆ ಎಷ್ಟು ಜನ ಇದ್ದೀರಿ? ಗಾಬರಿ ಬೇಡ. ಬಾಗಿಲಿಂದ ದೂರ ನಿಲ್ಲಿ."

"ನಿಲ್ಲೋಕಾಗಿದ್ರೆ ನಿನ್ನನ್ನ ಯಾಕೋ ಕರೀತಿದ್ದೆ," ಎಂದ ಮೆಕ್ಯಾನಿಕ್.

ಉದ್ದಣ್ಣ ಕತ್ತರಿಸಿದ್ದು ಚಿಲಕವನ್ನಷ್ಟೇ ಅಲ್ಲ. ಅದರ ಜೊತೆಗೆ ಗೂಡಿನ ಬಾಗಿಲೂ ಕಳಚಿ ಬಂತು. ಮೆಕ್ಯಾನಿಕ್ ಕಂತುಕಂತಾಗಿ ಹೊರಬಂದ. ಮೊದಲು ತಲೆ, ಆಮೇಲೆ ಒಂದೊಂದೇ ಕಾಲು. ಉದ್ದಣ್ಣ ಯಾವುದೋ ಕಟ್ಟಡದಿಂದ ಕರೆ ಬಂತೆಂದು ಹೊರಟ. ಅವನು ಮೆಟ್ಟಿಲಿಳಿದ ಮೇಲೆ ಬೀದಿಯಲ್ಲಿ ನಗುವ ಸದ್ದು ಬಹಳ ದೂರದವರೆಗೂ ಕೇಳಿಸಿತು.

ಗಂಡ ಹೆಂಡತಿ ಅದೇ ನೆಲದ ಮೇಲೆ ಕಾಲು ಚಾಚಿ ಕೂತರು. ಹೆಂಡತಿ ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಹೊತ್ತು ಇಳಿಯುವ ತನಕ ಇಬ್ಬರೂ ಅಕ್ಕನ ಮಾತನ್ನೇ ಆಡಿದರು. ಅವನಿಗೆ ಗೊತ್ತಿದ್ದುದೇ ಬೇರೆ, ಅವಳಿಗೆ ಗೊತ್ತಿದ್ದುದೇ ಬೇರೆ. ಮದುವೆ ಬೇಡವೆಂದ ಅಕ್ಕನಿಗೆ ಒಬ್ಬ ಪಿಟೀಲಿನ ಮೇಷ್ಟ್ರು ಇಷ್ಟವಾಗಿದ್ದನೆಂಬ ಸಂಗತಿ ಆ ಸಂಜೆಯವರೆಗೂ ತಮ್ಮನಿಗೆ ತಿಳಿದಿರಲಿಲ್ಲ. "ನಿನಗೆ ಹೇಳಿದ್ಲಾ?" ಎಂದು ಅವನು ಬೆರಗಾದ. "ಒಬ್ಬಳಿಗಾದ್ರೂ ಹೇಳ್ಬೇಕಲ್ಲ," ಎಂದಳು ಹೆಂಡತಿ.

ಮರಿ ಬಾಗಿಲಿಲ್ಲದ ಗೂಡಿನ ಸುತ್ತ ಮೂಸುತ್ತ ತಿರುಗುತ್ತಿತ್ತು. ಮೆಕ್ಯಾನಿಕ್ ಬಿಸ್ಕತ್ತು ಎಸೆದ. ಅದು ಯಥಾಪ್ರಕಾರ ಕತ್ತು ಚಾಚಿ, ಎತ್ತಿಕೊಂಡು, ಹಿಂದೆ ಸರಿಯಿತು.

ಹೆಂಡತಿಗೆ ಏನನಿಸಿತೋ, ಸೊಂಟಕ್ಕೆ ಕೈಯಿಟ್ಟು, ಕತ್ತು ವಾರೆ ಮಾಡಿ, ಗಂಟಲ ಬುಡದಿಂದ ಗದರಿದಳು. "ಏನಪ್ಪಾ ಮಹಾರಾಯ, ಬೀದಿ ಅಳೆದದ್ದು ಸಾಕಾಯ್ತಾ? ಬಂದು ಬಿದ್ಕೋ ಒಳಗೆ."

ತಮ್ಮ ತಡವಾಗಿ ಬಂದಾಗಲೆಲ್ಲ ಬೈಯುತ್ತಿದ್ದ ಅಕ್ಕನದೇ ಮಾತು, ಅಕ್ಕನದೇ ಎಳೆತ. ಕಣ್ಣು ಮುಚ್ಚಿದ್ದರೆ ಅಕ್ಕನೇ. ಅಕ್ಕನನ್ನು ಎಂದೂ ಕಾಣದ ಮರಿ ಕಿವಿ ಇಳಿಸಿ, ಬಾಲ ಮಡಚಿ, ನೇರ ಗೂಡಿನೊಳಗೆ ಹೋಗಿ ಮೂಲೆಯಲ್ಲಿ ಮುದುಡಿ ಕೂತಿತು.

"ಈ ಮನೇಲಿ ಆ ದನಿಗೆ ಹೆದರೋರು ನೀವೊಬ್ರೇ ಅಂದ್ಕೊಂಡಿದ್ದೆ," ಎಂದು ಹೆಂಡತಿ ನಗಲು ನೋಡಿದಳು. ಗಂಡ ಮರಿಯನ್ನಲ್ಲ, ಅವಳನ್ನೇ ನೋಡುತ್ತಿದ್ದ. ಕತ್ತಲಾಗುತ್ತಿತ್ತು, ಯಾರೂ ದೀಪ ಹಾಕಲು ಏಳಲಿಲ್ಲ.

"ಇನ್ನೊಂದು ಸಲ ಬೈ," ಎಂದ ಅವನು.

"ಯಾಕೆ, ಮರಿ ಒಳಗೇ ಇದೆಯಲ್ಲ."

"ಮರಿಗಲ್ಲ," ಎಂದ ಮೆಕ್ಯಾನಿಕ್. "ನನಗೆ."