ಮಂಚೇನಹಳ್ಳಿಯ ಉತ್ತರ

ಸಾವಿರದ ಒಂಬೈನೂರ ಅರವತ್ತೆರಡನೇ ಇಸವಿಯ ಆಷಾಢದವರೆಗೆ ಮಂಚೇನಹಳ್ಳಿಯಲ್ಲಿ ಉತ್ತರ ದಿಕ್ಕು ಉತ್ತರದಲ್ಲೇ ಇತ್ತು. ಆಮೇಲೆ ಅದು ಚೇರ್ಮನ್ ವೆಂಕಟರವಣಪ್ಪನ ಹಿತ್ತಿಲಿಗೆ ಬಂತು. ಕಾನೂನು ಪ್ರಕಾರವೇ ಬಂತು, ಯಾರೂ ಸುಮ್ಮನೆ ಆಡಿಕೊಳ್ಳಬಾರದು.

ಆ ವರ್ಷ ಊರ ನಡುವೆ ಅಯಸ್ಕಾಂತ ಮಾಪನ ಕಚೇರಿ ತೆರೆದರು. ಕೆಲಸ ಇಷ್ಟೇ. ಶಿಡ್ಲಘಟ್ಟದ ರೇಷ್ಮೆ ದಾರದಲ್ಲಿ ಒಂದು ಕಾಂತದ ಸೂಜಿ ನೇತುಹಾಕಿರುತ್ತಾರೆ. ಅದು ತಾನಾಗೇ ಉತ್ತರಕ್ಕೆ ನಿಲ್ಲುತ್ತದೆ. ಪಕ್ಕದಲ್ಲಿ ಲೋಹದ ತುಂಡು ಹಿಡಿದರೆ ಸೂಜಿ ಎಷ್ಟು ತಿರುಗಿತೋ ಅಷ್ಟು ಆ ತುಂಡಿನ ಬಲ ಅಂತ ಬರೆದುಕೊಳ್ಳುತ್ತಾರೆ. ಇದಕ್ಕೆ ಆಫೀಸರು ಪುಟ್ಟಸ್ವಾಮಯ್ಯ. ಹೆಂಡತಿಯನ್ನು ಕರೆತಂದಿರಲಿಲ್ಲ, ಊಟ ತಿಂಡಿ ಎಲ್ಲ ಚೇರ್ಮನ್ ಮನೆಯಲ್ಲಿ. ಬಡಿಸುತ್ತಿದ್ದವಳು ಚೇರ್ಮನ್ ಹೆಂಡತಿ ವೆಂಕಟರತ್ನಮ್ಮ, ಅದೂ ಹೂ ಮುಡಿದುಕೊಂಡು. ನನಗೆ ಗೊತ್ತಿರೋದು ಅಷ್ಟೇ.

ಹತ್ತಿರ ಕಬ್ಬಿಣ ಇದ್ದರೆ ಸೂಜಿ ಆ ಕಡೆ ತಿರುಗಿಬಿಡುತ್ತದೆ. ಆದ್ದರಿಂದ ಕಚೇರಿಗೆ ಮರದ ಅಗುಳಿ, ತಾಮ್ರದ ಮೊಳೆ. ಒಳಗೆ ಹೋಗೋರು ಹೇರ್‌ಪಿನ್ನು, ಬೀಗದಕೈ ಹೊರಗಿಡಬೇಕು. ಕಟ್ಟಡದ ಕಂಟ್ರಾಕ್ಟು ಚೇರ್ಮನ್ನದೇ. ಕಬ್ಬಿಣವೇ ಕೂಡದ ಕಟ್ಟಡಕ್ಕೆ ಮೂರು ಟನ್ ಕಬ್ಬಿಣ ಮಂಜೂರು ಮಾಡಿಸಿಕೊಂಡ. ನಿಯಮಕ್ಕೆ ಮರ್ಯಾದೆ ಕೊಟ್ಟು ಒಂದು ಸರಳನ್ನೂ ಕಟ್ಟಡಕ್ಕೆ ಹಾಕದೆ, ಅಷ್ಟನ್ನೂ ತನ್ನ ಹಿತ್ತಿಲಲ್ಲಿ ಪೇರಿಸಿದ. ಹಿತ್ತಿಲು ಕಚೇರಿಯ ಪೂರ್ವದ ಗೋಡೆಗೆ ತಾಗಿಕೊಂಡಿದೆ.

ಸೂಜಿ ಸೂರ್ಯ ಹುಟ್ಟೋ ಕಡೆ ನಿಂತಿತು.

"ಚೇರ್ಮನ್ರೇ, ಆ ಕಬ್ಬಿಣ ಸ್ವಲ್ಪ ಸರಿಸ್ತೀರಾ?" ಅಂದರು ಪುಟ್ಟಸ್ವಾಮಯ್ಯ, ತಿಂಡಿಗೆ ಕೂತಾಗ.

"ಸೂಜಿ ಯಾರ್ದು ಸ್ವಾಮಿ?"

"ಸರ್ಕಾರದ್ದು."

"ಸರ್ಕಾರದ ಸೂಜಿ ಸುಳ್ಳು ಹೇಳ್ತದಾ? ಏ, ಸಾಹೇಬ್ರಿಗೆ ಇನ್ನೊಂದು ದೋಸೆ ಹಾಕೇ!"

ಮೂರನೇ ದೋಸೆಗೆ ಪುಟ್ಟಸ್ವಾಮಯ್ಯನವರಿಗೆ ವಿಜ್ಞಾನ ಅರ್ಥವಾಯಿತು. ಮರುದಿನ ತಮಟೆ ಹೊಡೆಸಿದರು:

"ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಸೂರ್ಯನು ಇನ್ನು ಮುಂದೆ ಉತ್ತರದಲ್ಲಿ ಉದಯಿಸತಕ್ಕದ್ದು. ಹಳೆಯ ಉತ್ತರವನ್ನು ಬಳಸುವವರು ಕಚೇರಿಯ ಪೂರ್ವಾನುಮತಿ ಪಡೆಯತಕ್ಕದ್ದು."

ಊರು ತಲೆದೂಗಿತು. ಎದೆ ಬಡಿದುಕೊಂಡವಳು ಆಂಜಿನಮ್ಮ ಒಬ್ಬಳೇ. ಚೇರ್ಮನ್ನನ ಅಣ್ಣನ ಹೆಂಡತಿ, ಗಂಡ ಹೋಗಿ ಆರು ವರ್ಷ. ಪಾಲುಪತ್ರದಲ್ಲಿ "ಹೊಲದ ಉತ್ತರದ ಅರ್ಧ ವೆಂಕಟರವಣಪ್ಪನಿಗೆ, ದಕ್ಷಿಣದ ಅರ್ಧ ಆಂಜಿನಮ್ಮನಿಗೆ" ಅಂತ ಬರೆದಿತ್ತು. ಇರೋ ಒಂದೇ ಬಾವಿ ಆಗ್ನೇಯ ಮೂಲೆಯಲ್ಲಿ, ಅಂದರೆ ದಕ್ಷಿಣದಲ್ಲಿ, ಅವಳ ಪಾಲಿನಲ್ಲಿ. ಈಗ ಪೂರ್ವವೇ ಉತ್ತರವಾದ ಮೇಲೆ ಪೂರ್ವದ ಅರ್ಧ ಬಾವಿ ಸಮೇತ ಮೈದುನನದಾಯಿತು. ನೀರಿಲ್ಲದೆ ಅವಳ ಹಿಪ್ಪುನೇರಳೆ ಬಾಡಿತು. ಮನೆಯಲ್ಲಿ ರೇಷ್ಮೆ ಹುಳು ಸೊಪ್ಪಿಗೆ ತಲೆ ಎತ್ತಿಕೊಂಡು ಕಾಯುತ್ತಿದ್ದವು.

ಕಚೇರಿಗೆ ಹೋಗಿ ನಿಂತಳು. "ಸ್ವಾಮಿ, ನನ್ನ ದಿಕ್ಕಿಲ್ದೋಳ್ನ ಮಾಡ್ಬಿಟ್ರಲ್ಲ!"

"ಹಾಗನ್ಬೇಡಮ್ಮ. ನಾಲ್ಕು ದಿಕ್ಕೂ ಸ್ಟಾಕಿನಲ್ಲಿದಾವೆ. ಜಾಗ ಬದಲಾಗಿದೆ ಅಷ್ಟೆ."

"ಸೂಜಿ ಕಬ್ಬಿಣದ ಕಡೆ ತಾನೇ ತಿರುಗೋದು?"

"ಶಾಸ್ತ್ರದ ಪ್ರಕಾರ ಹೌದು."

"ಸರಿ ಬಿಡಪ್ಪ."

ಅವಳ ಕೊಟ್ಟಿಗೆ ಕಚೇರಿಯ ಪಶ್ಚಿಮದ ಗೋಡೆಗೆ ಅಂಟಿಕೊಂಡಿದೆ. ಗಂಡ ಬಿಟ್ಟುಹೋದ ಕಬ್ಬಿನ ಗಾಣ, ಮೂರು ಉರುಳೆಯ ಅಪ್ಪಟ ಕಬ್ಬಿಣದ್ದು, ಹೊಲದಲ್ಲಿ ಬಿದ್ದಿತ್ತು. ಎಂಟು ಎತ್ತು ಕಟ್ಟಿ ಎಳೆಸಿ ಗೋಡೆಗೆ ಒತ್ತಿ ನಿಲ್ಲಿಸಿದಳು. ಸೂಜಿ ಗಿರ್ರಂತ ಪಶ್ಚಿಮಕ್ಕೆ ತಿರುಗಿತು. ಉತ್ತರ ಪಶ್ಚಿಮಕ್ಕೆ ಹೋದರೆ ದಕ್ಷಿಣ ಪೂರ್ವಕ್ಕೆ ಬರಬೇಕಲ್ಲ, ಬಂತು. ಬಾವಿಯೂ ವಾಪಸ್ಸು ಬಂತು.

ಚೇರ್ಮನ್ ಓಡಿಬಂದ. "ಏನತ್ತಿಗೆ, ಉತ್ತರ ಕದೀತೀಯಾ?"

"ನಾನೇನು ಸೆರಗಲ್ಲಿ ಕಟ್ಕೊಂಡಿದೀನಾ? ನಿನ್ನ ಸರ್ಕಾರದ ಸೂಜೀನೇ ಕೇಳ್ಕೋ ಹೋಗೋ!"

ಅವನು ನೇಗಿಲ ಗುಳ, ಗಾಡಿ ಪಟ್ಟಿ ತಂದು ಸೇರಿಸಿದ. ಇವಳು ಬೆಲ್ಲದ ಕೊಪ್ಪರಿಗೆ ಉರುಳಿಸಿಕೊಂಡು ಬಂದಳು. ಸೂಜಿಗೆ ತಲೆ ಸುತ್ತು ಬಂತು. ಪುಟ್ಟಸ್ವಾಮಯ್ಯ ಮೇಲಿನವರಿಗೆ ಬರೆದರು: "ಉತ್ತರ ಯಾವುದೆಂದು ದಯಮಾಡಿ ತಿಳಿಸುವುದು."

ಮೂರು ತಿಂಗಳಿಗೆ ಕಾಗದ ಬಂತು: "ನಿಮ್ಮ ಪತ್ರ ತಲುಪಿದೆ. ಉತ್ತರವನ್ನು ಯಥಾಕಾಲದಲ್ಲಿ ಕಳುಹಿಸಲಾಗುವುದು."

ಉತ್ತರವನ್ನೇ ಕಳುಹಿಸಬಹುದು ಅಂದರೆ ಅದು ಚರಾಸ್ತಿ ಅಂತಾಯಿತಲ್ಲ. ಚರಾಸ್ತಿಯನ್ನು ದಾಯಾದಿಗಳು ಹಂಚಿಕೊಳ್ಳಬೇಕು. ಸೋಮ, ಬುಧ, ಶುಕ್ರ ಉತ್ತರ ಚೇರ್ಮನ್ ಕಡೆ. ಮಂಗಳ, ಗುರು, ಶನಿ ಆಂಜಿನಮ್ಮನ ಕಡೆ. ದಿನಾ ಬೆಳಿಗ್ಗೆ ಪುಟ್ಟಸ್ವಾಮಯ್ಯ ಸೂಜಿಯನ್ನು ಬೆರಳಲ್ಲಿ ತಿರುಗಿಸಿ, ಅಲುಗದ ಹಾಗೆ ದಾರ ಬಿಗಿದು ಕಟ್ಟುತ್ತಾರೆ. ಕಟ್ಟಿದ ಸೂಜಿ ಯಾವ ತುಂಡು ಹಿಡಿದರೂ ತಿರುಗುವುದಿಲ್ಲ. "ಈ ಪ್ರಾಂತ್ಯದ ಲೋಹಗಳೆಲ್ಲ ಸಾಧುಸ್ವಭಾವದವು" ಎಂದು ಸಂಶೋಧನಾ ವರದಿ ಹೋಯಿತು. ಎಲ್ಲ ಅಳತೆಯೂ ಒಂದೇ ಸಮ ಬಂದಿದೆ ಅಂತ ಅವರಿಗೆ ಬಡ್ತಿಯಾಯಿತು.

ಊರಿಗೆ ಅಭ್ಯಾಸವಾಗಿದೆ. "ಇವತ್ತು ಉತ್ತರ ಯಾರ ಮನೇಲಮ್ಮ?" ಅಂತ ವಿಚಾರಿಸಿಕೊಂಡೇ ಹಾಸಿಗೆ ಹಾಸುತ್ತಾರೆ, ಆ ಕಡೆ ತಲೆ ಹಾಕಬಾರದಲ್ಲ.

ಭಾನುವಾರ ಕಚೇರಿಗೆ ರಜ, ಸೂಜಿ ಪೆಟ್ಟಿಗೆಯಲ್ಲಿ. ಅವತ್ತು ಊರಿಗೆ ಉತ್ತರವೂ ಇಲ್ಲ, ದಕ್ಷಿಣವೂ ಇಲ್ಲ, ಆದ್ದರಿಂದ ಬಾವಿ ಯಾರದೂ ಅಲ್ಲ. ಊರವರೆಲ್ಲ ಬಿಂದಿಗೆ ತಂದು ಸೇದುತ್ತಾರೆ. ಆಂಜಿನಮ್ಮ ಬಾವಿಕಟ್ಟೆ ಮೇಲೆ ಕೂತು, "ಇನ್ನೊಂದು ಬಿಂದಿಗೆ ತಗೊಂಡೋಗ್ರಮ್ಮ" ಅಂತ ತಾನೇ ಕರೆಯುತ್ತಾಳೆ. ಸಂಜೆಗೆ ಬಾವಿಯ ತಳ ಕಾಣುತ್ತದೆ. ಮತ್ತೆ ನೀರು ಊರೋದು ಮಂಗಳವಾರಕ್ಕೇ.

ಸೋಮವಾರ ವೆಂಕಟರವಣಪ್ಪನ ಸರದಿ.