ಪಾತ್ರೆ ಅಂಗಡಿಯ ಕಂಪ್ಯೂಟರ್ ಕಿಟಕಿಗಳು

ಕಂಪ್ಯೂಟರ್ ಪರದೆಯ ಮೇಲೆ ಕಿಟಕಿ, ಅಂದರೆ ವಿಂಡೋ, ತೆರೆಸಿ ಮುಚ್ಚಿಸುವುದು ನನ್ನ ಹೊಟ್ಟೆಪಾಡು. ಇದರಲ್ಲಿ ನಗುವಂಥದ್ದೇನಿದೆ ಎಂದು ನೀವು ಕೇಳಬಹುದು. ನಗಬೇಕೆಂದು ನಾನೂ ಹೊರಟವನಲ್ಲ. ಆದರೆ ಹೋದ ಅಂಗಡಿಯಲ್ಲೆಲ್ಲ ಏನಾದರೊಂದು ನನಗಾಗಿ ಕಾದು ಕೂತಿರುತ್ತದೆ.

ನಮ್ಮ ಕಡೆ ಕಂಪ್ಯೂಟರ್ ಇನ್ನೂ ಹೊಸದಾಗಿದ್ದ ಕಾಲ. ಚಿತ್ರದುರ್ಗದಲ್ಲಿ ಒಬ್ಬ ಸಾಹುಕಾರರಿದ್ದರು. ಎಪ್ಪತ್ತರ ದಶಕದಲ್ಲಿ ಸೈಕಲ್ಲಿಗೆ ಪಾತ್ರೆ ಕಟ್ಟಿಕೊಂಡು ಊರೂರು ತಿರುಗಿದವರು, ನಾನು ಹೋಗುವ ಹೊತ್ತಿಗೆ ನಾಲ್ಕು ಊರಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದರು. ಅವರಿಗೆ ಬಿಲ್ಲು ಹಾಕುವ ಪ್ರೋಗ್ರಾಂ ಬರೆದುಕೊಟ್ಟೆ. ನನ್ನ ಮೊದಲ ಕೆಲಸ ಅದು. ಕಿಟಕಿ ಎಲ್ಲಿ ನಿಲ್ಲಬೇಕು, ಎಷ್ಟು ದೊಡ್ಡದಿರಬೇಕು, ಯಾವಾಗ ಮುಚ್ಚಬೇಕು ಎಂಬುದಕ್ಕೆಲ್ಲ ಯಾರೋ ಮೊದಲೇ ಬರೆದಿಟ್ಟ ಪ್ರೋಗ್ರಾಂ ತುಣುಕುಗಳಿರುತ್ತವೆ. ಅದಕ್ಕೆ ಲೈಬ್ರರಿ ಅನ್ನುತ್ತೇವೆ. ಅದರಿಂದ ಒಂದು ಸಾಲು ತೆಗೆದು ಹಾಕಿದರೆ ಸಾಕು, ಕಿಟಕಿ ಹೇಳಿದ ಮಾತು ಕೇಳುತ್ತದೆ. ಮನುಷ್ಯರಿಗೆ ಅಂಥ ಲೈಬ್ರರಿ ಇಲ್ಲ.

"ನೋಡಪ್ಪ, ನಾಲ್ಕೂ ಅಂಗಡಿಯೋರು ಹೂಂ ಅಂದ್ರೆ ಇಟ್ಕಂತೀನಿ. ಒಬ್ರು ಬ್ಯಾಡ ಅಂದ್ರೂ ನಿನ್ನ ಪ್ರೋಗ್ರಾಂ ನೀನು ತಗಂಡೋಗು" ಎಂದರು ಸಾಹುಕಾರರು. ತಗೊಂಡು ಹೋದರೆ ನನಗೆ ಮಾವನ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುವ ಕೆಲಸವೇ ಗತಿ. ನಿಜಕ್ಕೂ ಭಯವಾಗಿತ್ತು.

ಈಶಾನ್ಯ ಮೂಲೆ

ಹಿರಿಯೂರಿನ ಅಂಗಡಿ ನೋಡಿಕೊಳ್ಳುವವರಿಗೆ ವಾಸ್ತು ಎಂದರೆ ಪ್ರಾಣ. "ಬಿಲ್ಲಿನ ಕಿಟಕಿ ಈಶಾನ್ಯದಾಗೆ ತೆರೀಬೇಕ್ರಿ" ಎಂದರು. ಅವರು ಪೂರ್ವಕ್ಕೆ ಮುಖ ಮಾಡಿ ಕೂರುತ್ತಿದ್ದರು, ಹಾಗಾಗಿ ಈಶಾನ್ಯ ಎಡಕ್ಕೆ. ಕಿಟಕಿ ಎಡ ಮೂಲೆಯಲ್ಲಿ ತೆರೆಯುವಂತೆ ಮಾಡಿಕೊಟ್ಟು ಬಂದೆ.

ಮರುದಿನ ಫೋನು. "ಬಿಸ್ಲು ಬೀಳ್ತಿತ್ತು, ಮೇಜು ಉತ್ತರಕ್ಕೆ ತಿರುಗ್ಸಿದೀವಿ. ಕಿಟಕಿ ವಾಯವ್ಯಕ್ಕೆ ಹೋಗೈತೆ, ಬೆಳಗಿನಿಂದ ಒಂದು ಲೋಟನೂ ಮಾರಿಲ್ಲ!"

ಬಸ್ಸು ಹತ್ತಿ ಹೋಗಿ ಬಲಕ್ಕೆ ಸರಿಸಿದೆ. ಊರಿಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮತ್ತೆ ಫೋನು. "ಮೇಜು ಮೊದ್ಲಿನಂಗೇ ಹಾಕಿದ್ವಿ ಕಣ್ರಿ. ಅಲ್ಲಿ ಫ್ಯಾನ್ ಗಾಳಿ ಬರಲ್ಲ."

ಹೋಗಿ ಬರ್ತೀನಿ

ಹೊಳಲ್ಕೆರೆಯಲ್ಲಿ ಲೆಕ್ಕ ಬರೆಯುತ್ತಿದ್ದವರು ಒಬ್ಬ ಹಿರಿಯ ಹೆಂಗಸು. ಸಂಜೆ ಅಂಗಡಿ ಬಾಗಿಲು ಹಾಕುವಾಗ ಕಿಟಕಿಯಲ್ಲಿ 'ಮುಚ್ಚು' ಎಂಬ ಗುಂಡಿ ಒತ್ತಬೇಕಿತ್ತು. ಅವರು ಒತ್ತುತ್ತಲೇ ಇರಲಿಲ್ಲ, ಗೋಡೆಯ ಸ್ವಿಚ್ಚನ್ನೇ ಆರಿಸಿಬಿಡುತ್ತಿದ್ದರು.

"ಯಾಕಮ್ಮ?" ಎಂದು ಕೇಳಿದೆ.

"ದೀಪ ಹಚ್ಚೋ ಹೊತ್ನಾಗೆ ಅಂಗಡಿ ಮುಚ್ಚು ಅಂತ ಯಾರಾದ್ರೂ ಅಂತಾರೇನಪ್ಪ? ಬಿಡ್ತು ಅನ್ನು."

ಬಿಡ್ತು ಅಂದೆ. ಗುಂಡಿಯ ಮೇಲೆ 'ಹೋಗಿ ಬರ್ತೀನಿ' ಎಂದು ಬರೆದೆ. ಒತ್ತಿದರೆ 'ನಿಜವಾಗಿಯೂ ಹೊರಟಿರಾ?' ಎಂದು ಇನ್ನೊಂದು ಪುಟ್ಟ ಕಿಟಕಿ ಕೇಳುತ್ತಿತ್ತು. ಅಮ್ಮನವರು ಒತ್ತಿದರು, ಓದಿದರು, ಸಮಾಧಾನವಾಯಿತು.

"ಈಗ ಮನುಷ್ಯರಂಗೆ ಮಾತಾಡ್ತೈತೆ. ಆದ್ರೂ ಹೊರಟ್ರಾ ಅಂತ ಕೇಳ್ತೈತೆ ಹೊರತು, ಕಾಫಿ ಕುಡ್ಕೊಂಡು ಹೋಗ್ರಿ ಅಂತ ಒಂದು ಮಾತಿಲ್ಲ."

ಇಸ್ಪೀಟು

ಹೊಸದುರ್ಗದ ಮ್ಯಾನೇಜರರದು ಬೇರೆಯೇ ದೂರು. ಹುಡುಗರು ಬಿಲ್ಲಿನ ಕಿಟಕಿಯ ಮೇಲೆ ಇಸ್ಪೀಟಿನ ಕಿಟಕಿ ತೆರೆದು ಆಡುತ್ತಾರಂತೆ. ಬಿಲ್ಲಿನ ಕಿಟಕಿ ಪರದೆ ತುಂಬ ಇದ್ದು, ಏನೇ ತೆರೆದರೂ ಅದೇ ಮೇಲೆ ನಿಲ್ಲುವಂತೆ ಮಾಡಿದೆ. "ಬೇಷ್" ಎಂದರು.

ವಾರ ಕಳೆದ ಮೇಲೆ ಅವರೇ ಫೋನು ಮಾಡಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡವರಂತೆ ಮೆಲ್ಲಗೆ ಕೇಳಿದರು: "ಹುಡುಗ್ರು ಊಟಕ್ಕೆ ಹೋದಾಗ ಮಾತ್ರ ಅದು ಸ್ವಲ್ಪ ಹಿಂದಕ್ಕೆ ಸರಿಯೋ ಹಂಗೆ ಮಾಡಕ್ಕಾಗ್ತೈತಾ?"

ಶ್ರೀ ಹಾಕುವ ಜಾಗ

ಹಿರಿಯೂರಿನ ಕಿಟಕಿಯನ್ನು ಮತ್ತೆ ಎಡಕ್ಕೆ ತಂದೆ, ಹೊಸದುರ್ಗದವರಿಗೆ ಊಟದ ಹೊತ್ತಿನ ಏರ್ಪಾಟೂ ಮಾಡಿಕೊಟ್ಟೆ. ಹೀಗೆ ಮೂರು ಊರು ಹೂಂ ಅಂದವು. ಉಳಿದದ್ದು ಚಿತ್ರದುರ್ಗ, ಸಾಹುಕಾರರೇ ಕೂರುವ ಅಂಗಡಿ.

ಮದುವೆಗೆ ಪಾತ್ರೆ ಕೊಡುವವರು ಹೆಸರು ಕೊರೆಸದೆ ಕೊಡುವುದುಂಟೆ? ಕೊರೆಯುವವರಿಗೆ ವಧೂವರರ ಹೆಸರು ದೊಡ್ಡದಾಗಿ ಕಾಣಲಿ ಎಂದು ಒಂದು ಹೊಸ ಕಿಟಕಿ ಮಾಡಿದೆ. "ಪರದೆ ಮೇಲೆ ಇದ್ದಂಗೆ ಕೊರೀರಿ" ಎಂದೂ ಹೇಳಿದೆ. ಹೊಸ ಕಿಟಕಿ ಮಾಡಿದರೆ ಲೈಬ್ರರಿ ತಾನಾಗಿಯೇ ಅದರ ನೆತ್ತಿಯ ಮೇಲೆ ಇಂಗ್ಲಿಷಿನಲ್ಲಿ 'ಫಾರಂ ಒನ್' ಎಂದು ಬರೆಯುತ್ತದೆ. ಅದನ್ನು ನಾವು ಬದಲಿಸಬೇಕು. ಗಡಿಬಿಡಿಯಲ್ಲಿ ಬದಲಿಸಿರಲಿಲ್ಲ.

ಒಂದು ಮದುವೆಯ ಪಾತ್ರೆಯೆಲ್ಲ ಮಾರಾಟವಾಗಿ ಹೋದ ಮೇಲೆ ಮಿಕ್ಕ ಒಂದು ತಟ್ಟೆ ನನ್ನ ಕಣ್ಣಿಗೆ ಬಿತ್ತು. ಹುಡುಗ ಹುಡುಗಿಯ ಹೆಸರಿನ ಮೇಲೆ, ಒಂದು ಗೆರೆಯೂ ತಪ್ಪದೆ, 'ಫಾರಂ ಒನ್'.

"ಶ್ರೀ ಹಾಕೋ ಜಾಗದಾಗೆ ಇತ್ತಲ್ರಿ. ಇಂಗ್ಲಿಷ್ನೋರ ಶ್ರೀ ಇರ್ಬೇಕು ಅಂತ ಕೊರ್ದೆ" ಎಂದರು ಕೊರೆಯುವವರು.

ಸಾಹುಕಾರರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ನನಗೆ ಮಾವನ ಅಂಗಡಿಯ ಟೈರುಗಳು ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ಹುಡುಗಿಯ ಅಪ್ಪನೇ ಕಂಕುಳಲ್ಲಿ ಕೊಳಗ ಇಟ್ಟುಕೊಂಡು ಮೆಟ್ಟಿಲು ಹತ್ತಿ ಬಂದರು.

"ಸಾಹುಕಾರ್ರೆ, ಬೀಗರು ಈ ಕೊಳಗ ತಿರುಗ್ಸಿ ತಿರುಗ್ಸಿ ನೋಡಿದ್ರು. ಏನಿದು ಇಂಗ್ಲಿಷ್ನಾಗೆ ಫಾರಂ ಒನ್ ಅಂತ ಅಂದ್ರು. ನಂಗೇನು ಗೊತ್ತು? ದೊಡ್ಡ ಕಂಪನಿ ಮಾಲು, ಹೆಸರು ಕೇಳಿಲ್ವಾ ಅಂದ್ಬಿಟ್ಟೆ. ಕೇಳಿದೀವಿ ಕೇಳಿದೀವಿ ಅಂದ್ರು! ಈಗ ನನ್ನ ತಮ್ಮನ ಮಗಳ ಮದುವೆ ಐತೆ. ಅವನಿಗೆ ಇದಕ್ಕಿಂತ ಒಂದು ಕೈ ಮೇಲಿರ್ಬೇಕಂತೆ. ಫಾರಂ ಟೂ ಏನಾದ್ರೂ ಬಂದೈತಾ?"

ಸಾಹುಕಾರರು ರೆಪ್ಪೆ ಬಡಿಯಲಿಲ್ಲ. "ಬರ್ರಿ, ಕುಂತ್ಕಳ್ರಿ" ಎಂದು ಅವರಿಗೆ ಕುರ್ಚಿ ಎಳೆದು ಕೊಟ್ಟು, ನನ್ನ ಕಡೆ ತಿರುಗಿದರು.

"ಏನಪ್ಪ, ನಾಲ್ಕೂ ಅಂಗಡಿಗೂ ಇದೇ ಪ್ರೋಗ್ರಾಂ ಇರ್ಲಿ. ಫಾರಂ ಟೂ ಯಾವತ್ತು ಕೊಡ್ತೀಯ?"